ಚಾರ್ಜರ್ ಕಿತ್ತಿಡುವ ಮೊದಲು ಗೀಸರ್ ನೋಡಿ

ವಿದ್ಯುತ್ ಉಳಿಸಲು ಮೊಬೈಲ್ ಚಾರ್ಜರನ್ನು ಪ್ಲಗ್‌ನಿಂದ ಕಿತ್ತಿಡಬೇಕೆಂಬ ಸಲಹೆ ನಮ್ಮ ಬಡಾವಣೆಯಲ್ಲಿ ಆಗಾಗ ಕೇಳಿಬರುತ್ತದೆ. ಅದು ತಪ್ಪೇನಲ್ಲ, ಆದರೆ ಫೋನ್ ಜೋಡಿಸದೆ ಸುಮ್ಮನೆ ಸಿಕ್ಕಿಸಿಟ್ಟ ಈಗಿನ ಉತ್ತಮ ಚಾರ್ಜರ್ 0.1 ವ್ಯಾಟ್‌ನ ಆಸುಪಾಸಿನಲ್ಲಿ ಎಳೆಯುವುದರಿಂದ, ವರ್ಷವಿಡೀ ಹಾಗೆಯೇ ಬಿಟ್ಟರೂ ಖರ್ಚು ಒಂದು ಯೂನಿಟ್ ಮುಟ್ಟುವುದು ಕಷ್ಟ. ಅದೇ 15 ಲೀಟರಿನ ಗೀಸರ್, 25 ಡಿಗ್ರಿಯ ನೀರನ್ನು 55 ಡಿಗ್ರಿಗೆ ಒಮ್ಮೆ ಕಾಯಿಸಲು ಅರ್ಧ ಯೂನಿಟ್‌ಗಿಂತ ತುಸು ಹೆಚ್ಚೇ ನುಂಗುತ್ತದೆ. ಗೀಸರನ್ನು ದಿನವಿಡೀ ಹಾಕಿಯೇ ಇಟ್ಟರೆ ಅಗ್ಗವೆಂಬ ಮಾತನ್ನೂ ನಂಬಬೇಡಿ; ಆರಿದ ನೀರನ್ನು ಅದು ಮತ್ತೆ ಮತ್ತೆ ಕಾಯಿಸುತ್ತಲೇ ಇರುತ್ತದೆ.

ಗೃಹಜ್ಯೋತಿ ಬಂದ ಮೇಲೆ ಶೂನ್ಯ ಬಿಲ್ಲಿನಲ್ಲಿ ಯೂನಿಟ್ ಎಷ್ಟೆಂದು ನೋಡುವವರೇ ಅಪರೂಪ (ನಾನೂ ನೋಡುತ್ತಿರಲಿಲ್ಲ). ಡಿಜಿಟಲ್ ಮೀಟರಿನ ಮೇಲೆ 3200 ಎಂಬಂಥ ಪಲ್ಸ್ ಸಂಖ್ಯೆ ಮುದ್ರಿತವಾಗಿರುತ್ತದೆ. ಅಲ್ಲಿನ ಪುಟ್ಟ ಕೆಂಪು ದೀಪ ಅಷ್ಟು ಸಲ ಮಿಣುಕಿದರೆ ಒಂದು ಯೂನಿಟ್ ಆಯಿತೆಂದು ಅರ್ಥ. ಗೀಸರ್ ಹಾಕಿ ಒಮ್ಮೆ, ಆರಿಸಿ ಒಮ್ಮೆ ಒಂದೊಂದು ನಿಮಿಷ ಎಣಿಸಿ ನೋಡಿ.

ತಾರಸಿಯಲ್ಲಿ ಸೋಲಾರ್ ಇದ್ದವರು, ಬಿಸಿನೀರು ಬರುವ ಮುನ್ನ ಪೈಪಿನಿಂದ ಸುರಿಯುವ ಅರ್ಧ ಬಕೆಟ್ ತಣ್ಣೀರನ್ನು ಬಟ್ಟೆಗೆ ಬಳಸಬಹುದು.

ವಾಹನದ ವಿಷಯದಲ್ಲಿಯೂ ಇದೇ ಲೆಕ್ಕ ಬೇಕು. ದಿನಕ್ಕೆ ನಾಲ್ಕೈದು ಕಿಲೋಮೀಟರ್ ಮಾತ್ರ ಓಡುವ ಗಟ್ಟಿಮುಟ್ಟಾದ ಸ್ಕೂಟರನ್ನು ಮಾರಿ ಎಲೆಕ್ಟ್ರಿಕ್ ಕಾರು ಕೊಳ್ಳುವುದನ್ನು ಪರಿಸರಸ್ನೇಹಿ ಎನ್ನಲು ನನಗೆ ಮನಸ್ಸಿಲ್ಲ. ವೈಟ್‌ಫೀಲ್ಡ್ ಕಡೆಗೆ ನಿತ್ಯ ಹೋಗುವವರು ಮೊದಲು ನೇರಳೆ ಮಾರ್ಗದ ಮೆಟ್ರೋವನ್ನು ಒಂದು ವಾರ ಬಳಸಿ ನೋಡಲಿ.