ಕೊಡಗಿನಲ್ಲಿ ಎರಡು ಎಕರೆ ಕೊಳ್ಳುವವರಿಗೆ: ಮೊದಲು ಪಹಣಿ, ಆಮೇಲೆ ತೋಟ

ಕೊಡಗಿಗೆ ಜಾಗ ನೋಡಲು ಹೆಚ್ಚಿನವರು ಬರುವುದು ಡಿಸೆಂಬರ್, ಜನವರಿಯಲ್ಲಿ. ಆಗ ಕಾಫಿ ಹಣ್ಣು ಕೆಂಪಾಗಿರುತ್ತದೆ, ದಾರಿ ಒಣಗಿರುತ್ತದೆ, ತೋಡಿನಲ್ಲಿ (ಸಣ್ಣ ಹಳ್ಳದಲ್ಲಿ) ಇನ್ನೂ ನೀರಿರುತ್ತದೆ. ಮಾರುವವರಿಗೆ ಇದಕ್ಕಿಂತ ಒಳ್ಳೆಯ ಕಾಲ ಬೇಕಿಲ್ಲ. ಕೊಳ್ಳುವವರು ಅದೇ ಜಾಗವನ್ನು ಕಕ್ಕಡದ (ಜುಲೈ–ಆಗಸ್ಟ್) ಮಳೆಯಲ್ಲಿ ಒಮ್ಮೆ, ಏಪ್ರಿಲ್ ಬಿಸಿಲಲ್ಲಿ ಒಮ್ಮೆ ನೋಡಬೇಕು. ಆ ಎರಡಕ್ಕೂ ಮೊದಲು ಪಹಣಿ ನೋಡಬೇಕು. ಮಣ್ಣು ಹುಳಿಯಾಗಿದ್ದರೆ ಸುಣ್ಣ ಹಾಕಬಹುದು. ಹಕ್ಕು ಕೆಟ್ಟಿದ್ದರೆ ಹಾಕಲು ಏನೂ ಇಲ್ಲ.

ಕೃಷಿಕರಲ್ಲದವರು ಕೃಷಿ ಭೂಮಿ ಕೊಳ್ಳಬಾರದೆಂಬ ತಡೆ ಈಗಿಲ್ಲ. ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು 2020ರ ತಿದ್ದುಪಡಿ ತೆಗೆದುಹಾಕಿದೆ. ಆದರೆ ವಿದೇಶದಲ್ಲಿ ನೆಲೆಸಿದ ಭಾರತೀಯರು ಮತ್ತು ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇರುವವರು ಕೃಷಿ ಭೂಮಿ, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಅದು ಕೇಂದ್ರದ ವಿದೇಶಿ ವಿನಿಮಯ ಕಾನೂನು, ರಾಜ್ಯದ ತಿದ್ದುಪಡಿ ಅದನ್ನು ಮುಟ್ಟಿಲ್ಲ. ದುಬೈಯಲ್ಲಿರುವ ಮಗನ ಹೆಸರಿಗೆ ಬರೆಸುವ ಯೋಚನೆ ಇದ್ದರೆ ಇಲ್ಲೇ ಬಿಡಿ.

ಜಾಗದ ಜಾತಕ

ಕೊಡಗಿನ ಪಹಣಿ ಬೇರೆ ಜಿಲ್ಲೆಗಳಂತಲ್ಲ. ಒಂದೇ ಬೇಲಿಯೊಳಗೆ ಜಮ್ಮಾ ಗದ್ದೆ, ಅದಕ್ಕೆ ಸೇರಿದ ಬಾಣೆ, ಸಾಗು ಜಮೀನು (ಪೂರ್ತಿ ಕಂದಾಯ ಕಟ್ಟುವ ಜಾಗ), ಜೊತೆಗೆ ಒತ್ತುವರಿ ಮಾಡಿದ ಪೈಸಾರಿ ಎಲ್ಲ ಇರಬಹುದು. ಕಾಫಿ ಗಿಡಕ್ಕೆ ಆ ಗಡಿ ಗೊತ್ತಿಲ್ಲ, ಮಾರುವವರು ಹೇಳುವುದಿಲ್ಲ. ಆದ್ದರಿಂದ "ಐದು ಎಕರೆ ತೋಟ" ಎಂದಾಗ ಮೊದಲ ಪ್ರಶ್ನೆ: ಪಹಣಿಯಲ್ಲಿ ಎಷ್ಟು, ಪೈಸಾರಿ ಎಷ್ಟು? ಪೈಸಾರಿ ಸರ್ಕಾರದ ಜಾಗ. ಅದನ್ನು ಸಕ್ರಮ ಮಾಡಿಕೊಡಿ ಎಂದು ನಮೂನೆ 57ರಲ್ಲಿ ಅರ್ಜಿ ಹಾಕಿದ್ದೇವೆ ಎಂದರೆ ಅರ್ಜಿ ಇದೆ ಎಂದಷ್ಟೇ ಅರ್ಥ. ಆ ಭಾಗಕ್ಕೆ ದುಡ್ಡು ಕೊಡಬೇಡಿ. ದೇವರಕಾಡು, ಊರುಡುವೆ (ಊರಿನ ಸಾಮೂಹಿಕ ಜಾಗ), ಸಿ ಮತ್ತು ಡಿ ವರ್ಗದ ಜಾಗ (ಸಾಗುವಳಿಗೆ ಯೋಗ್ಯವಲ್ಲವೆಂದು ಗುರುತಿಸಿದ ಸರ್ಕಾರಿ ಜಾಗ) ಅಂಟಿಕೊಂಡಿದ್ದರೆ ಕಂದಾಯ ದಾಖಲೆ ಮಾತ್ರ ಸಾಲದು. ಅರಣ್ಯ ಇಲಾಖೆಯ ನಕ್ಷೆಯನ್ನೂ ಪಕ್ಕದಲ್ಲಿಟ್ಟು ಗಡಿ ನೋಡಿ.

ಜಮ್ಮಾ ಎಂದರೆ ರಾಜರ ಕಾಲದಿಂದ ವಂಶಪಾರಂಪರ್ಯವಾಗಿ ಬಂದ ಹಿಡುವಳಿ. ಗದ್ದೆಗೆ ಸೊಪ್ಪು, ದನಕ್ಕೆ ಮೇವು, ಮನೆಗೆ ಸೌದೆ ಸಿಗಲೆಂದು ಗದ್ದೆಯ ಜೊತೆ ಬಾಣೆ ಬಿಟ್ಟಿದ್ದರು, ಕಂದಾಯವಿಲ್ಲದೆ. ಮುಂದೆ ಅದೇ ಬಾಣೆಯಲ್ಲಿ ಕಾಫಿ ಬೆಳೆಯಿತು, ತಕರಾರೂ ಬೆಳೆಯಿತು. 2011ರ ಭೂಕಂದಾಯ ಕಾಯ್ದೆ ತಿದ್ದುಪಡಿ ಬಾಣೆ ಹಿಡುವಳಿದಾರರ ಹಕ್ಕನ್ನು ಗಟ್ಟಿ ಮಾಡಿತಾದರೂ, ಎಷ್ಟೋ ಪಹಣಿಗಳ 9ನೇ ಕಾಲಂನಲ್ಲಿ ಇಂದಿಗೂ ತೀರಿಕೊಂಡ ಪಟ್ಟೇದಾರರ ಹೆಸರೇ ಇದೆ. ಪಟ್ಟೇದಾರ ಒಕ್ಕದ (ಕೊಡವ ಕುಲಕುಟುಂಬದ) ಪರವಾಗಿ ಹೆಸರು ಕೊಟ್ಟವನು, ಒಡೆಯನಲ್ಲ. ಇಪ್ಪತ್ತು ಹೆಸರಿನ ಜಂಟಿ ಖಾತೆಯಲ್ಲಿ ಒಬ್ಬರು "ನನ್ನ ಪಾಲಿನ ಮೂರು ಎಕರೆ ಇದು" ಎಂದು ತೋರಿಸಿದರೆ, ಆ ಗಡಿ ಬಹುಶಃ ಮನೆಯವರ ಬಾಯಿಮಾತಿನಲ್ಲಿ ಮಾತ್ರ ಇದೆ.

ಇಂಥ ಜಾಗಕ್ಕೆ ಬೇಕಾದ್ದು ದೃಢೀಕರಿಸಿದ ವಂಶವೃಕ್ಷ, ನೋಂದಾಯಿತ ವಿಭಾಗಪತ್ರ, ಪಾಲುದಾರರೆಲ್ಲರ ಸಹಿ. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಸಹಿಯೂ ಸೇರಿ: 2005ರಿಂದ ಅವಿಭಕ್ತ ಆಸ್ತಿಯಲ್ಲಿ ಅವರಿಗೂ ಸಮಪಾಲು. ಅಪ್ರಾಪ್ತರ ಪಾಲಿದ್ದರೆ ವಕೀಲರಿಂದ ಇತ್ಯರ್ಥವಾಗುವವರೆಗೆ ಮುಂಗಡ ಬೇಡ. ಪರದೇಶದಲ್ಲಿರುವ ಒಬ್ಬ ತಮ್ಮನ ಸಹಿ "ಆಮೇಲೆ ಮಾಡಿಸೋಣ" ಎಂಬ ಮಾತು ಕೇಳಿದರೆ ಕಾಯಿರಿ, ಅಥವಾ ಬೇರೆ ಜಾಗ ನೋಡಿ.

ಸಾಗು ಜಮೀನು ಇದಕ್ಕಿಂತ ಸರಳ. ಆದರೂ ಅದು ಮಂಜೂರಾದ ಜಾಗವಾಗಿದ್ದರೆ ಮಂಜೂರಾತಿ ಪತ್ರದ ಷರತ್ತು ಓದಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದದ್ದಾದರೆ ಅಂಥ ಜಾಗದ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆಯಂತೆ ಸರ್ಕಾರದ ಪೂರ್ವಾನುಮತಿಯಿಲ್ಲದ ಮಾರಾಟ ಊರ್ಜಿತವಾಗುವುದಿಲ್ಲ. ನಡುವೆ ಮೂರು ಕೈ ಬದಲಾಗಿದ್ದರೂ ಅಷ್ಟೇ. 2023ರ ತಿದ್ದುಪಡಿ ಕಾಲಮಿತಿಯನ್ನೂ ತೆಗೆದಿದೆ, ಆದ್ದರಿಂದ ಹಳೆಯ ಮಾರಾಟವೆಂದು ನೆಚ್ಚಿಕೊಳ್ಳುವಂತಿಲ್ಲ.

ಕಾಗದ ಓದುವ ಕ್ರಮ

ಕೊಡಗಿನ ವಿಸ್ತೀರ್ಣ ಎಕರೆ–ಸೆಂಟ್‌ನಲ್ಲಿ. ನೂರು ಸೆಂಟಿಗೆ ಒಂದು ಎಕರೆ, ಎರಡೂವರೆ ಸೆಂಟಿಗೆ ಒಂದು ಗುಂಟೆ. ಮೈಸೂರು ಕಡೆಯವರು 1.20 ಎಂಬುದನ್ನು ಒಂದೂವರೆ ಎಕರೆ ಎಂದು ಓದಿ ಮೂವತ್ತು ಸೆಂಟ್ ಕಳೆದುಕೊಳ್ಳುತ್ತಾರೆ. ಪಹಣಿಯ 3ನೇ ಕಾಲಂನಲ್ಲಿ ಖರಾಬು (ಸಾಗುವಳಿಗೆ ಬಾರದ ಜಾಗ) ಕಳೆಯಿರಿ. ಬಿ ಖರಾಬು ತೋಡು, ದಾರಿಯಂಥ ಸಾರ್ವಜನಿಕ ಜಾಗ, ಅದು ಮಾರಾಟದ ಸರಕಲ್ಲ. 10ರಲ್ಲಿ ಹಕ್ಕು ಬಂದ ಬಗೆ ಮತ್ತು ಮ್ಯುಟೇಶನ್ (ಹಕ್ಕು ಬದಲಾವಣೆ) ಸಂಖ್ಯೆ, 11ರಲ್ಲಿ ಸಾಲ ಮತ್ತು ಕೋರ್ಟ್ ತಡೆ. ಸಹಕಾರ ಸಂಘದ ಬೆಳೆಸಾಲ ಋಣಭಾರ ಪತ್ರದಲ್ಲಿ (ಇಸಿಯಲ್ಲಿ) ಕಾಣದೆ ಇಲ್ಲಿ ಕಾಣುವುದುಂಟು. ಋಣಭಾರ ಪತ್ರ 2004ರಿಂದ ಈಚಿನದು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸಿಗುತ್ತದೆ. ಹಿಂದಿನದಕ್ಕೆ ಉಪನೋಂದಣಿ ಕಚೇರಿಯಲ್ಲಿ ಅರ್ಜಿ ಹಾಕಿ, ಒಟ್ಟು ಮೂವತ್ತು ವರ್ಷದ್ದು ತೆಗೆಸಿ.

ಸರ್ವೆ ನಂಬರಿನ ಒಂದು ಭಾಗ ಮಾತ್ರ ಕೊಳ್ಳುವುದಾದರೆ ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ ಬೇಕೇ ಬೇಕು. ಅಳತೆಯ ದಿನ ನೀವೇ ಹೋಗಿ, ಪಕ್ಕದ ಜಾಗದವರನ್ನೂ ಕರೆಯಿರಿ. ಕಲ್ಲು ನೆಟ್ಟಾಗ ಅವರು ಏನೂ ಹೇಳದಿದ್ದರೆ ಅರ್ಧ ಜಗಳ ಮುಗಿದಂತೆ. ದಿಶಾಂಕ್ ಆ್ಯಪ್ ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಎಂದು ತಿಳಿಯಲು ಸಾಕು, ಬೇಲಿ ಹಾಕಲು ಸಾಲದು.

ದಾರಿಯ ವಿಷಯದಲ್ಲಿ ಮೋಸ ಹೋಗುವವರೇ ಹೆಚ್ಚು. ಜೀಪು ಹೋಗುತ್ತದೆ ಎಂದರೆ ದಾರಿಯ ಹಕ್ಕಿದೆ ಎಂದಲ್ಲ. ದೊಡ್ಡ ಎಸ್ಟೇಟಿನವರು ಇಷ್ಟು ವರ್ಷ ಸುಮ್ಮನೆ ಬಿಟ್ಟಿರಬಹುದು. ಗ್ರಾಮ ನಕ್ಷೆಯಲ್ಲಿ ಆ ದಾರಿ ಇದೆಯೇ ನೋಡಿ. ಇಲ್ಲದಿದ್ದರೆ ದಾರಿ ಹಾದುಹೋಗುವ ಜಾಗದ ಒಡೆಯರಿಂದಲೇ, ಅಗಲವನ್ನು ಅಡಿಯಲ್ಲಿ ನಮೂದಿಸಿ, ನೋಂದಾಯಿತ ಪತ್ರ ಮಾಡಿಸಿ. ಮಾರುವವರ ಕ್ರಯಪತ್ರದಲ್ಲಿ "ರೂಢಿಯ ದಾರಿ" ಎಂದು ಬರೆದರೆ ಪಕ್ಕದವರು ಅದಕ್ಕೆ ಬದ್ಧರಲ್ಲ.

ಇಳಿಜಾರು, ಬರೆ, ನೀರು

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹೆಮ್ಮೆತ್ತಾಳು, ಕಾಲೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಗುಡ್ಡ ಜಾರಿದ್ದನ್ನು ಎಲ್ಲರೂ ಬಲ್ಲರು. ಮಳೆ ವಿಪರೀತವಿತ್ತು, ನಿಜ. ಆದರೆ ಗುಡ್ಡದ ಬುಡವನ್ನು ಜೆಸಿಬಿಯಿಂದ ನೇರ ಕಡಿದು, ಆ ಮಣ್ಣನ್ನು ಕೆಳಗಿನ ಕೊಲ್ಲಿಗೆ (ಕೊರಕಲಿಗೆ) ಸುರಿದು ಮಟ್ಟ ಮಾಡುವ ಪದ್ಧತಿ ಗಟ್ಟಿ ಗುಡ್ಡವನ್ನೂ ಸಡಿಲಿಸುತ್ತದೆ. ಮೇಲಿನ ಬರೆಗೆ (ಗುಡ್ಡದ ಕಡಿದಾದ ಮಗ್ಗುಲಿಗೆ) ಆಧಾರ ಹೋಗುತ್ತದೆ, ಕೆಳಗೆ ನೀರಿನ ದಾರಿ ಮುಚ್ಚುತ್ತದೆ.

ಜಾಗದಲ್ಲಿ ಹುಡುಕಬೇಕಾದ ಗುರುತು: ಬುಡದಲ್ಲಿ ಬಾಗಿ ಮೇಲೆ ನೆಟ್ಟಗಾದ ಮರಗಳು, ಓರೆಯಾದ ವಿದ್ಯುತ್ ಕಂಬ, ಗುಡ್ಡದ ನೆತ್ತಿಯಲ್ಲಿ ಅಡ್ಡ ಬಿರುಕು, ಮಳೆಗಾಲದಲ್ಲಿ ಹೊಸದಾಗಿ ಏಳುವ ಒರತೆ. ಒರತೆಯ ನೀರು ಕೆಂಪಗಾದರೆ ಒಳಗಿನ ಮಣ್ಣು ಕೊಚ್ಚಿಹೋಗುತ್ತಿದೆ. ಮನೆಗೆ ಆರಿಸುವ ಜಾಗದಲ್ಲಿ ನೀರು ತುಂಬಿದ ಪಾರದರ್ಶಕ ಪೈಪು ಹಿಡಿದು ಮಟ್ಟ ನೋಡಿ. ನೂರು ಅಡಿಗೆ ಮೂವತ್ತು ಅಡಿಗಿಂತ ಹೆಚ್ಚು ಏರಿದ್ದರೆ, ಎಷ್ಟೇ ಒಳ್ಳೆಯ ನೋಟವಿದ್ದರೂ, ಮನೆಗೆ ಬೇರೆ ಮೂಲೆ ಹುಡುಕಿ. ಸಾವಿರ ಚದರಡಿಯ ಸೂರಿನ ಮೇಲೆ ನೂರು ಮಿಲಿಮೀಟರ್ ಮಳೆ ಬಿದ್ದರೆ ಒಂಬತ್ತು ಸಾವಿರ ಲೀಟರಿಗೂ ಹೆಚ್ಚು ನೀರು. ಅದನ್ನು ಬರೆಯ ಮೇಲೆ ಬಿಡದೆ ತೋಡಿನವರೆಗೆ ಒಯ್ಯುವ ಚರಂಡಿಗೂ ಜಾಗ ಬೇಕು. ಗದ್ದೆಗೆ ಮಣ್ಣು ತುಂಬಿ ಮನೆ ಕಟ್ಟುವುದು ಇನ್ನೂ ಕೆಟ್ಟ ಉಪಾಯ.

ಭಾಗಮಂಡಲದ ಕಡೆ ವರ್ಷಕ್ಕೆ ಐದು ಸಾವಿರ ಮಿಲಿಮೀಟರ್ ದಾಟುವ ಮಳೆ ಕುಶಾಲನಗರಕ್ಕೆ ಬರುವಾಗ ಸಾವಿರದ ಆಸುಪಾಸಿಗೆ ಇಳಿಯುತ್ತದೆ. ಆದರೂ ಏಪ್ರಿಲ್‌ನಲ್ಲಿ ನೀರಿನ ಚಿಂತೆ ಎರಡೂ ಕಡೆ ಇದ್ದೀತು. ರೋಬಸ್ಟಾ ಕಾಫಿಗೆ ಫೆಬ್ರವರಿ–ಮಾರ್ಚ್‌ನಲ್ಲಿ ಹೂಮಳೆ (ಹೂ ಅರಳಿಸುವ ಮಳೆ) ಬಾರದಿದ್ದರೆ ತುಂತುರು ನೀರಾವರಿಯೇ ಗತಿ. ಒಂದು ಎಕರೆಗೆ ಒಂದು ಇಂಚು ನೀರೆಂದರೆ ಸುಮಾರು ಒಂದು ಲಕ್ಷ ಲೀಟರ್, ಎರಡು ಮೂರು ವಾರದಲ್ಲಿ ಮತ್ತೊಮ್ಮೆ ಅಷ್ಟೇ. ನಲವತ್ತು ಅಡಿ ಉದ್ದಗಲ, ಎಂಟು ಅಡಿ ಆಳದ ಕೆರೆ, ದಡದ ಇಳಿಜಾರು ಕಳೆದು, ಎರಡೂವರೆ ಲಕ್ಷ ಲೀಟರ್ ಹಿಡಿದೀತು. ಮಾರ್ಚ್ ಕೊನೆಯಲ್ಲಿ ಅದರಲ್ಲಿ ಎಷ್ಟು ಉಳಿದಿದೆ ಎಂಬುದೇ ಲೆಕ್ಕ. ಇಳಿಜಾರಿನ ನೆತ್ತಿಯಲ್ಲಿ ಮಾತ್ರ ಕೆರೆ ತೋಡಿಸಬೇಡಿ.

ಸಿದ್ದಾಪುರ, ಮಾಲ್ದಾರೆ, ಪಾಲಿಬೆಟ್ಟ, ತಿತಿಮತಿ ಸುತ್ತ ಆನೆಗಳು ತೋಟದೊಳಗೇ ದಿನಗಟ್ಟಲೆ ಉಳಿಯುತ್ತವೆ. ಹಲಸು ಹಣ್ಣಾದಾಗ, ಭತ್ತ ತೆನೆಗಟ್ಟಿದಾಗ ಹೆಚ್ಚು. ಬಾಳೆ ಹಾಕುವ ಆಸೆಯಿದ್ದವರು ಆ ಕಡೆ ಸೋಲಾರ್ ಬೇಲಿಯ ಖರ್ಚನ್ನೂ ಜಾಗದ ಬೆಲೆಗೇ ಸೇರಿಸಿಕೊಳ್ಳಲಿ.

ಮರ, ಮನೆ, ಕರಾರು

ಜಾಗ ನಿಮ್ಮದಾದರೂ ಮರ ನಿಮ್ಮದಾಗದಿರಬಹುದು. ಅನ್‌ರಿಡೀಮ್ಡ್ ಜಾಗದಲ್ಲಿ ಮರದ ಬೆಲೆ ಸರ್ಕಾರಕ್ಕೆ ಸಂದಿಲ್ಲ, ಆದ್ದರಿಂದ ಮರ ಸರ್ಕಾರದ್ದು. ರಿಡೀಮ್ಡ್ ಆಗಿದ್ದರೂ ಬೀಟೆ, ತೇಗ, ಹೊನ್ನೆ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಮರದ ದುಡ್ಡಲ್ಲಿ ಜಾಗದ ಅರ್ಧ ಬೆಲೆ ಹೊರಡುತ್ತದೆ ಎನ್ನುವ ದಲ್ಲಾಳಿಯ ಲೆಕ್ಕ ಇಲ್ಲಿ ಮುರಿಯುತ್ತದೆ.

ಕೃಷಿ ಭೂಮಿಯಲ್ಲಿ ಭೂಪರಿವರ್ತನೆ (ಕೃಷಿಯೇತರ ಬಳಕೆಗೆ ಅನುಮತಿ) ಇಲ್ಲದೆ ಫಾರ್ಮ್‌ಹೌಸ್ ಕಟ್ಟಲು ಭೂಕಂದಾಯ ಕಾಯ್ದೆಯ 95ನೇ ಕಲಂ ಅವಕಾಶ ಕೊಡುತ್ತದೆ, ಹಿಡುವಳಿಯ ಶೇ. 10 ಮೀರದಂತೆ. ಅದು ಸ್ವಂತ ವಾಸಕ್ಕೆ. ಹೋಂಸ್ಟೇ ನಡೆಸುವ ಅನುಮತಿ ಅದರಿಂದ ಬರುವುದಿಲ್ಲ. ಬ್ಯಾಂಕಿನ ಗೃಹಸಾಲಕ್ಕೂ ಸಾಮಾನ್ಯವಾಗಿ ಪರಿವರ್ತನೆ ಕೇಳುತ್ತಾರೆ. ಕಾಫಿ ತೋಟವನ್ನು ಐದೈದು ಸೆಂಟ್ ತುಂಡು ಮಾಡಿ ಮಾರುವ ಸೈಟುಗಳಲ್ಲಿ ಪರಿವರ್ತನೆ ಆದೇಶ, ಅನುಮೋದಿತ ನಕ್ಷೆ ಎರಡೂ ಇಲ್ಲದಿದ್ದರೆ ಕಾಫಿ ಕುಡಿದು ವಾಪಸು ಬನ್ನಿ.

ಕರಾರನ್ನು ನೋಂದಾಯಿಸಿಕೊಳ್ಳಿ. ಬರೀ ನೋಟರಿ ಸಹಿ, ಜಿಪಿಎ (ಸಾಮಾನ್ಯ ಅಧಿಕಾರಪತ್ರ) ನಂಬಿ ದುಡ್ಡು ಕೊಡಬೇಡಿ. ಮುಂಗಡ ಮತ್ತು ನೋಂದಣಿಯ ನಡುವೆ ತೋಟದ ಸಿಲ್ವರ್ ಓಕ್ ಮರಗಳು ಮಾಯವಾಗುವುದು ಅಪರೂಪವಲ್ಲ. ಹಾಗಾಗಿ ಜಾತಿವಾರು ಮರದ ಎಣಿಕೆ ಮತ್ತು ಸುತ್ತಳತೆ, ಪಂಪ್‌ಸೆಟ್, ಪೈಪು, ವಿದ್ಯುತ್ ಮೀಟರಿನ ಆರ್‌ಆರ್ ಸಂಖ್ಯೆ ಕರಾರಿನಲ್ಲೇ ಬರಲಿ. ಆ ವರ್ಷದ ಫಸಲು ಯಾರಿಗೆ ಎಂಬುದೂ ಬರಲಿ: ಅರೇಬಿಕಾ ಕೊಯ್ಲು ನವೆಂಬರ್ ಹೊತ್ತಿಗೆ, ರೋಬಸ್ಟಾ ಡಿಸೆಂಬರ್‌ನಿಂದ ಶುರು. ಲೈನ್ ಮನೆಗಳಲ್ಲಿ (ತೋಟದ ಕಾರ್ಮಿಕರ ಸಾಲುಮನೆಗಳಲ್ಲಿ) ಜನರಿದ್ದರೆ ಅವರ ಬಾಕಿ ತೀರಿಸುವುದು, ಅವರಿಗೆ ಬೇರೆ ನೆಲೆ ಮಾಡಿಕೊಡುವುದು ಮಾರುವವರ ಹೊಣೆ. ಅದು ಮುಗಿಯದೆ ಪೂರ್ತಿ ಹಣ ಬೇಡ.

ನೋಂದಣಿಗೆ ಗ್ರಾಮೀಣ ಭಾಗದಲ್ಲಿ ಮುದ್ರಾಂಕ ಶುಲ್ಕ ಸೆಸ್, ಸರ್‌ಚಾರ್ಜ್ ಸೇರಿ ಶೇ. 5.65. ಅದರ ಮೇಲೆ ನೋಂದಣಿ ಶುಲ್ಕ ಶೇ. 2, 2025ರ ಆಗಸ್ಟ್ 31ರಿಂದ. ಕ್ರಯಪತ್ರವಾದ ಮೇಲೆ ಮ್ಯುಟೇಶನ್ ತಾನಾಗಿಯೇ ಶುರುವಾಗುತ್ತದೆ, ಆದರೆ ತಕರಾರು ಬಂದರೆ ಅಲ್ಲೇ ನಿಲ್ಲುತ್ತದೆ. ಹೊಸ ಪಹಣಿ ಬಂದಾಗ 9ನೇ ಕಾಲಂನಲ್ಲಿ ನಿಮ್ಮ ಹೆಸರಿನ ಕಾಗುಣಿತ, 11ರಲ್ಲಿ ಹಳೆಯ ಸಾಲ ಅಳಿಸಿದೆಯೇ ಎಂಬುದನ್ನು ನೋಡಿ, ಆಮೇಲೆ ಬೇಲಿಯ ಕಂಬ ತರಿಸಿ.