ಹಳೆ ಆಯಿಲ್ ಫಿಲ್ಟರ್ ಬಿಚ್ಚಿ ನೋಡಿದಾಗ

ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡಿದ ಕೂಡಲೇ ಎಂಜಿನ್‌ನಲ್ಲಿ ಕಟಕಟ ಸದ್ದು. ಸ್ವಲ್ಪ ಹೊತ್ತಿಗೆ ತಾನೇ ನಿಲ್ಲುತ್ತಿತ್ತು. ಆಯಿಲ್ ಮಟ್ಟ ಸರಿಯಾಗೇ ಇತ್ತು.

ಆಯಿಲ್ ಬದಲಿಸುವಾಗ ಹಳೆ ಫಿಲ್ಟರ್ ಎಸೆಯಲಿಲ್ಲ. ಎಣ್ಣೆ ಪೂರ್ತಿ ಬಸಿದ ಮೇಲೆ ಫಿಲ್ಟರ್ ಕಟರ್‌ನಿಂದ ಡಬ್ಬಿ ಬಿಚ್ಚಿದೆ. ಗರಗಸ ಬೇಡವೇ ಬೇಡ, ಅದರ ಲೋಹದ ಪುಡಿ ಒಳಗೆ ಬಿದ್ದು ಸುಮ್ನೆ ದಾರಿ ತಪ್ಪಿಸುತ್ತದೆ. ಕಾಗದದ ಮಡಿಕೆಗಳನ್ನು ಹಿಂಡಿ, ಬಿಸಿಲಲ್ಲಿ ಬಿಡಿಸಿ ನೋಡಿದೆ. ಅಯಸ್ಕಾಂತಕ್ಕೆ ಏನೂ ಅಂಟಲಿಲ್ಲ. ಹೊಳೆಯುವ ಚೂರುಗಳೂ ಇಲ್ಲ. ಅಂದರೆ ಎಂಜಿನ್ ಒಳಗಿನ ಭಾಗಗಳು ಸವೆದ ಗುರುತಿಲ್ಲ, ಸಮಾಧಾನ ಆಯಿತು.

ತೊಂದರೆ ಇದ್ದದ್ದು ರಬ್ಬರ್ ವಾಲ್ವ್‌ನಲ್ಲಿ. ಎಂಜಿನ್ ನಿಂತಾಗ ಎಣ್ಣೆ ವಾಪಸ್ ಇಳಿಯದಂತೆ ತಡೆಯುವ ಬಿಲ್ಲೆ ಅದು. ಬೆರಳಲ್ಲಿ ಒತ್ತಿದರೆ ಬಾಗಲೇ ಇಲ್ಲ, ಅಂಚೆಲ್ಲ ಸೆಟೆದು ಮೇಲೆದ್ದಿತ್ತು. ರಾತ್ರಿ ಫಿಲ್ಟರ್ ಖಾಲಿಯಾದರೆ ಬೆಳಿಗ್ಗೆ ಎಣ್ಣೆ ಮೇಲೇರುವುದು ತಡವಾಗುತ್ತದೆ ಅಲ್ವಾ?

ಈ ಎಂಜಿನ್‌ಗೇ ಹೊಂದುವ, ಸಿಲಿಕೋನ್ ವಾಲ್ವ್ ಇರುವ ಫಿಲ್ಟರ್ ಹಾಕಿದೆ. ಸದ್ದು ನಿಂತಿತು.