ಒಂದೇ ಬ್ರಾಡ್‌ಬ್ಯಾಂಡ್, ಮನೆ ತುಂಬ ಕಂಪ್ಯೂಟರ್

ಫೈಬರ್ ಎಳೆದವರು ಹಾಲಿನ ಮೂಲೆಯಲ್ಲಿ ಪೆಟ್ಟಿಗೆ (ಅದೂ ಒಂದು ರೂಟರೇ) ಕೂರಿಸಿ, ವೈಫೈ ಪಾಸ್‌ವರ್ಡ್ ಬರೆದುಕೊಟ್ಟು ಹೊರಡುತ್ತಾರೆ. ಮಹಡಿ ಮೇಲೆ ಸಿಗ್ನಲ್ ಸಿಗುವುದಿಲ್ಲ. ಮನೆಯವರು ಇನ್ನೊಂದು ರೂಟರ್ ತಂದು ಯಾವುದೋ ತೂತಿಗೆ ಕೇಬಲ್ ಸಿಕ್ಕಿಸುತ್ತಾರೆ. ಆಮೇಲೆ ಶುರು ನೋಡಿ ತಮಾಷೆ: ಮೇಲಿನ ಕಂಪ್ಯೂಟರಿಗೆ ಕೆಳಗಿನ ಪ್ರಿಂಟರ್ ಕಾಣುವುದಿಲ್ಲ, ಇಲ್ಲವೇ ಇಡೀ ಮನೆಯ ಇಂಟರ್‌ನೆಟ್ಟೇ ನಿಲ್ಲುತ್ತದೆ.

ಕಂಪ್ಯೂಟರುಗಳೆಲ್ಲ ಒಂದೇ ಕೋಣೆಯಲ್ಲಿದ್ದರೆ ಕೆಲಸ ಸುಲಭ. ಪೆಟ್ಟಿಗೆಯ ಲ್ಯಾನ್ (LAN) ಪೋರ್ಟಿಗೆ, ಅಂದರೆ ಮನೆಯ ಕಂಪ್ಯೂಟರುಗಳಿಗೆಂದೇ ಇರುವ ತೂತಿಗೆ, ಕೇಬಲ್ ಚುಚ್ಚಿ. ಪೋರ್ಟ್ ಸಾಲದಿದ್ದರೆ ಒಂದು ಪೋರ್ಟನ್ನು ಹಲವಾಗಿಸುವ 5 ಪೋರ್ಟಿನ ಗಿಗಾಬಿಟ್ ಸ್ವಿಚ್ ತನ್ನಿ, ಅದಕ್ಕೆ ಯಾವ ಸೆಟ್ಟಿಂಗೂ ಬೇಡ.

ಮಹಡಿಗೆ ಹೋಗಬೇಕಿದ್ದರೆ ಕೇಬಲ್ಲನ್ನೇ ಎಳೆಸಿ. ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಅಗ್ಗದ ರಿಪೀಟರ್ ಬೇಡವೇ ಬೇಡ. ಸಿಗ್ನಲ್ ಪಡೆಯುವುದಕ್ಕೂ ಕಳಿಸುವುದಕ್ಕೂ ಅದಕ್ಕೆ ಒಂದೇ ರೇಡಿಯೊ, ಹಾಗಾಗಿ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅಂಗಡಿಯಲ್ಲಿ ಕ್ಯಾಟ್ 6 ಕೇಬಲ್ ಕೇಳಿ, ‘ಪೂರ್ತಿ ತಾಮ್ರದ್ದೇ ಕೊಡಿ’ ಅನ್ನಿ. ಅಲ್ಯೂಮಿನಿಯಂ ತಂತಿಗೆ ತಾಮ್ರ ಲೇಪಿಸಿದ ಸರಕೂ ಅದೇ ಹೆಸರಲ್ಲಿ ಬಿಕರಿಯಾಗುತ್ತದೆ, ಬಗ್ಗಿಸಿದರೆ ಬೇಗ ಮುರಿಯುತ್ತದೆ. ಕರೆಂಟಿನ ವೈರ್ ಇರುವ ಪೈಪಿನಲ್ಲೇ ಇದನ್ನೂ ತೂರಿಸಲು ಎಲೆಕ್ಟ್ರಿಷಿಯನ್ ಹೊರಟರೆ ಒಪ್ಪಬೇಡಿ.

ಇನ್ನು ಎಲ್ಲರೂ ಎಡವುವ ಜಾಗ, ಎರಡನೇ ರೂಟರ್. ಮನೆಯ ಪ್ರತಿ ಕಂಪ್ಯೂಟರಿಗೂ ಒಂದು ಐಪಿ ವಿಳಾಸ, ಅಂದರೆ ಅದನ್ನು ಗುರುತಿಸುವ ನಂಬರ್ ಬೇಕು. ಅದನ್ನು ಹಂಚುವ ಕೆಲಸದ ಹೆಸರು ಡಿಎಚ್‌ಸಿಪಿ. ಎರಡು ರೂಟರೂ ಹಂಚತೊಡಗಿದರೆ ಒಂದೇ ಬಸ್ಸಿನಲ್ಲಿ ಇಬ್ಬರು ಕಂಡಕ್ಟರ್ ಸೀಟ್ ನಂಬರ್ ಕೊಟ್ಟ ಹಾಗೆ. ಹಂಚುವ ಕೆಲಸ ಕೆಳಗಿನ ಪೆಟ್ಟಿಗೆಗೆ ಮಾತ್ರ ಇರಲಿ.

ಹೊಸ ರೂಟರಿನಲ್ಲಿ ‘ಆಕ್ಸೆಸ್ ಪಾಯಿಂಟ್ ಮೋಡ್’ (ವಿಳಾಸ ಹಂಚದೆ ವೈಫೈ ಮಾತ್ರ ಕೊಡುವ ಆಯ್ಕೆ) ಇದ್ದರೆ ಅದನ್ನು ಆರಿಸಿ, ಕೈಪಿಡಿ ಹೇಳಿದ ಪೋರ್ಟಿಗೆ ಕೇಬಲ್ ಹಾಕಿ, ಮುಗೀತು. ಇಲ್ಲದಿದ್ದರೆ ಹೀಗೆ ಮಾಡಿ. ಮೊದಲು ಕೆಳಗಿನ ಪೆಟ್ಟಿಗೆಗೆ ಸೇರಿರುವ ವಿಂಡೋಸ್ ಕಂಪ್ಯೂಟರಿನ ಕಮಾಂಡ್ ಪ್ರಾಂಪ್ಟಿನಲ್ಲಿ ‘ಐಪಿಕಾನ್ಫಿಗ್’ (ipconfig) ಆದೇಶ ಕೊಡಿ. ‘ಡೀಫಾಲ್ಟ್ ಗೇಟ್‌ವೇ’ ಎದುರಿನ ಅಂಕಿ ಬರೆದಿಟ್ಟುಕೊಳ್ಳಿ, ಅದೇ ಕೆಳಗಿನ ಪೆಟ್ಟಿಗೆಯ ವಿಳಾಸ. ಅದು 192.168.1.1 ಎಂದುಕೊಳ್ಳೋಣ. ಅದನ್ನು ಬ್ರೌಸರಿನಲ್ಲಿ ಹಾಕಿ, ಕೆಳಗಿನ ಪೆಟ್ಟಿಗೆಯ ಡಿಎಚ್‌ಸಿಪಿ ಪುಟದಲ್ಲಿ ಹಂಚಿಕೆ 192.168.1.200ಕ್ಕೇ ನಿಲ್ಲುವಂತೆ ಮಾಡಿ. ಹೊಸ ರೂಟರಿಗೆ ಕೊಡಲಿರುವ ವಿಳಾಸ ಬೇರೆ ಯಾರಿಗೂ ಹೋಗದಿರಲಿ.

ಈಗ ಹೊಸ ರೂಟರನ್ನು ಲ್ಯಾಪ್‌ಟಾಪಿಗೆ ಮಾತ್ರ ಜೋಡಿಸಿ, ಕೆಳಗಿನದಕ್ಕೆ ಈಗಲೇ ಬೇಡ. ಅಡಿಯ ಚೀಟಿಯಲ್ಲಿರುವ ವಿಳಾಸವನ್ನು ಬ್ರೌಸರಿನಲ್ಲಿ ಹಾಕಿ ಒಳಗೆ ಹೋಗಿ. ವೈಫೈ ಹೆಸರು, ಪಾಸ್‌ವರ್ಡ್ ಮೊದಲು ಬದಲಿಸಿ. ‘ಅಡ್ಮಿನ್’ ಎಂಬ ಲಾಗಿನ್ ಪಾಸ್‌ವರ್ಡನ್ನೂ ಬಿಡಬೇಡಿ. ಆಮೇಲೆ ಲ್ಯಾನ್ ಐಪಿಯನ್ನು, ಅಂದರೆ ಈ ರೂಟರಿನದೇ ವಿಳಾಸವನ್ನು, 192.168.1.254 ಮಾಡಿ, ಸೇವ್ ಕೊಡಿ. ಪುಟ ಮಾಯವಾಗುತ್ತದೆ. ಕೆಟ್ಟುಹೋಯಿತು ಅಂತ ರೀಸೆಟ್ ಗುಂಡಿ ಒತ್ತುವವರೇ ಜಾಸ್ತಿ! ಗಾಬರಿ ಬೇಡ. ಕೇಬಲ್ ಕಿತ್ತು ಮತ್ತೆ ಹಾಕಿ, ಹೊಸ ವಿಳಾಸದಲ್ಲಿ ತೆರೆಯಿರಿ.

ಹೊಸ ರೂಟರಿನ ಡಿಎಚ್‌ಸಿಪಿ ಆಫ್ ಮಾಡುವುದು ಕೊನೆಗೆ. ಮೊದಲೇ ಆಫ್ ಮಾಡಿದರೆ ಲ್ಯಾಪ್‌ಟಾಪಿಗೆ ವಿಳಾಸವೇ ಸಿಗದೆ ನೀವು ಹೊರಗೆ ಉಳಿಯುತ್ತೀರಿ.

ಕೆಳಗಿನ ಪೆಟ್ಟಿಗೆಯ ಲ್ಯಾನ್ ಪೋರ್ಟಿನಿಂದ ಮೇಲಿನ ರೂಟರಿನ ಲ್ಯಾನ್ ಪೋರ್ಟಿಗೆ ಕೇಬಲ್ ಹಾಕಿ. ಮೇಲಿನದರಲ್ಲಿ ಬೇರೆ ಬಣ್ಣದಲ್ಲಿ ಒಂಟಿಯಾಗಿರುವ ವ್ಯಾನ್ (WAN) ಪೋರ್ಟ್ ಖಾಲಿ ಇರಲಿ, ಸುಮ್ನೆ ಒಂದು ತುಂಡು ಟೇಪ್ ಅಂಟಿಸಿಬಿಡಿ. ಎರಡರ ಸಿಗ್ನಲ್ ಒಂದಕ್ಕೊಂದು ಅಡ್ಡ ಬರದಂತೆ 2.4 ಗಿಗಾಹರ್ಟ್ಸ್ ವೈಫೈಗೆ ಕೆಳಗೆ ಚಾನೆಲ್ 1, ಮೇಲೆ 6 ಅಥವಾ 11 ಕೊಡಿ.

ಮೇಲಿನ ಕಂಪ್ಯೂಟರಿನಲ್ಲೂ ‘ಐಪಿಕಾನ್ಫಿಗ್’ ನೋಡಿ. ಗೇಟ್‌ವೇ 192.168.1.1 ಬಂದರೆ ಸರಿ, ಪ್ರಿಂಟರ್ ಕಾಣಬೇಕು. 254 ಬಂದರೆ ಮೇಲಿನ ರೂಟರಿನ ಡಿಎಚ್‌ಸಿಪಿ ಇನ್ನೂ ಆಫ್ ಆಗಿಲ್ಲ ಎಂದರ್ಥ.